ಏಳನೇ ನಂಬರಿನ ಮಳಿಗೆ

ಗಡಿಯಾರ ರಿಪೇರಿಯವರು ಹದಿನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಬೇಕರಿಗೆ ಬಂದು, ಗಲ್ಲಾದ ಎದುರಿನ ಬೆಂಚಿನ ಮೇಲೆ ಕೂತು, ಎರಡು ಬನ್ನು ತಿಂದು, ಒಂದು ಲೋಟ ಟೀ ಕುಡಿದು, ಬೀದಿಯ ಸುದ್ದಿಯನ್ನೆಲ್ಲ ಹರವಿ ಹೋಗುವವರು. ಆ ಸೋಮವಾರ ಮಾತ್ರ ಅವರು ಕೂರಲಿಲ್ಲ. ನಿಂತೇ ಒಂದು ಬನ್ನು ಕಟ್ಟಿಸಿಕೊಂಡರು.

"ಟೀ ಕೊಡ್ಲಾ?" ಎಂದು ಗಲ್ಲಾದಲ್ಲಿದ್ದ ಬನ್ನಕ್ಕ ಕೇಳಿದಳು.

"ಬೇಡ. ಹೊಟ್ಟೆ ಸರಿಯಿಲ್ಲ."

"ಹೊಟ್ಟೆ ಸರಿಯಿಲ್ಲದವರಿಗೆ ಬನ್ನು ಯಾಕೆ?"

ಅವರು ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ಮತ್ತೆ ತಿರುಗಿದರು. "ಕೇಳಿದ್ದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೊಸ ಸೇತುವೆ ಹತ್ರ ಬಸ್ ನಿಲ್ದಾಣಕ್ಕೆ ಹತ್ತು ಮಳಿಗೆ ಕಟ್ತಿದಾರಲ್ಲ, ಅದರಲ್ಲೊಂದಕ್ಕೆ ನಿಮ್ಮ ಮನೆಯವರು ಅರ್ಜಿ ಹಾಕಿದಾರಂತೆ."

"ನಮ್ಮ ಮನೆಯವರು ಅಂದ್ರೆ?"

"ಅದು ಗೊತ್ತಿಲ್ಲ. ಬೇಕರಿ ಮನೆಯವರು ಅಂತ ಅಷ್ಟೇ ಕಿವಿಗೆ ಬಿತ್ತು. ಬೆಂಕಿ ಇಲ್ಲದೆ ಹೊಗೆ ಆಡಲ್ಲ ಅಂತಾರೆ." ಅಷ್ಟು ಹೇಳಿ ಅವರು ಹೊರಟೇಬಿಟ್ಟರು.

'ಮನೆಯವರು' ಎಂಬ ಮಾತೇ ಕೆಟ್ಟದ್ದು. ಗಂಡನೂ ಆಗಬಹುದು, ಒಂದೇ ಸೂರಿನಡಿ ಉಣ್ಣುವ ಯಾರೂ ಆಗಬಹುದು. ಬನ್ನಕ್ಕನ ಮನೆಯಲ್ಲಿ ಅವಳನ್ನು ಬಿಟ್ಟರೆ ಉಣ್ಣುವವರು ನಾಲ್ಕು ಜನ. ಗಂಡ, ಎಪ್ಪತ್ತಾರು ವರ್ಷದ ಅತ್ತೆ, ಬಸ್ಸು ಓಡಿಸುವ ಮೈದುನ, ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತರ ಮಗಳು.

ಈ ಬೀದಿ ಬದುಕಿದ್ದೇ ಕಾಯುವವರಿಂದ. ನದಿಗೆ ಹಾಕಿದ ಸೇತುವೆ ಅಗಲ ಸಾಲದ್ದು. ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ಹೋಗಬಹುದು. ಆ ದಡದವು ದಾಟಿ ಮುಗಿಯುವವರೆಗೆ ಈ ದಡದವು ಹಳೇ ಊರಬಾಗಿಲಿನಿಂದ ಹಿಡಿದು ಬೀದಿಯುದ್ದ ಸಾಲುಗಟ್ಟಿ ನಿಲ್ಲಬೇಕು. ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ನಿಂತ ಬಸ್ಸಿನೊಳಗೆ ಮಕ್ಕಳು ಅಳುತ್ತವೆ, ದೊಡ್ಡವರಿಗೆ ಹಸಿವಾಗುತ್ತದೆ, ಯಾರಿಗೋ ತಲೆನೋವಿನ ಮಾತ್ರೆ ನೆನಪಾಗುತ್ತದೆ, ಇನ್ನಾರಿಗೋ ಕೈಗಡಿಯಾರ ನಿಂತಿರುವುದು ಆಗಲೇ ಕಾಣುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಸೊಸೆಯಾಗಿ ಬಂದ ಎರಡನೇ ವಾರಕ್ಕೇ ಅವಳು ಬಿಸಿ ಬನ್ನಿನ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ನಡೆದಿದ್ದಳು. "ಬನ್ನಕ್ಕಾ" ಎಂದು ಯಾವುದೋ ಮಗು ಕೂಗಿತು. ಆ ಹೆಸರೇ ನಿಂತಿತು. ಹೆತ್ತವರಿಟ್ಟ ಹೆಸರು ಈಗ ಕಾಗದದ ಮೇಲೆ ಮಾತ್ರ ಉಳಿದಿತ್ತು.

ಊರಿನಿಂದ ಎರಡು ಮೈಲಿ ಕೆಳಗೆ ಏಳುತ್ತಿದ್ದ ಹೊಸ ಸೇತುವೆಗೆ ಕಾಯುವ ಗೋಜೇ ಇಲ್ಲ. ಐದು ವಾರದಲ್ಲಿ ಅದು ತೆರೆಯುವುದಿತ್ತು. ಬೀದಿಯವರು ಸಮಿತಿ ಕಟ್ಟಿಕೊಂಡಿದ್ದರು. ಲಾರಿ ಹೋಗಲಿ, ಬಸ್ಸುಗಳಾದರೂ ಊರೊಳಗಿಂದಲೇ ಬರಲಿ ಎಂಬುದು ಬೇಡಿಕೆ. ಅಲ್ಲಿಯವರೆಗೆ ಯಾರೂ ಹೊಸ ಮಳಿಗೆಗೆ ಅರ್ಜಿ ಹಾಕಬಾರದು ಎಂದು ಎಲ್ಲರೂ ಕೈಯೆತ್ತಿ ಒಪ್ಪಿದ್ದರು. ಆ ಸಮಿತಿಯ ಕಾರ್ಯದರ್ಶಿ ಬನ್ನಕ್ಕನ ಗಂಡ. ಒಪ್ಪಂದದ ಕಾಗದ ಬರೆದದ್ದೂ ಅವನೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಮಾತನ್ನು ಬಚ್ಚಿಡಲಿಲ್ಲ. ಅನ್ನ ಬಡಿಸುತ್ತ ಬಡಿಸುತ್ತಲೇ ಹೇಳಿಬಿಟ್ಟಳು. ಹೇಳಿ, ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾರು ಹೇಳಿದ್ದು?" ಎಂದು ಗಂಡ ಕೇಳಿದ. ಸುಳ್ಳು ಅನ್ನಲಿಲ್ಲ, ಯಾರು ಅಂದ.

"ಯಾರಾದರೇನು? ಹೌದೋ ಅಲ್ಲವೋ?"

ಮೈದುನ ನಕ್ಕ. "ಮಳಿಗೆಗೆ ಇನ್ನೂ ಬಾಗಿಲೇ ಕೂರಿಸಿಲ್ಲ ಅತ್ತಿಗೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ."

"ಬಾಗಿಲು ಕೂರಿಸಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ದಿನಾ ನೋಡ್ತೀನಲ್ಲ. ಸೇತುವೆ ಕೆಲಸದವರನ್ನ ಬಿಡೋಕೆ ನನ್ನ ಬಸ್ಸೇ ಅಲ್ವಾ ಹೋಗೋದು."

ಮಗಳ ಕೈಯಿಂದ ನೀರಿನ ಲೋಟ ಜಾರಿತು. ಒರೆಸಲು ಬಟ್ಟೆ ತರುತ್ತೇನೆಂದು ಎದ್ದವಳು ಬೇಗ ವಾಪಸು ಬರಲಿಲ್ಲ. ಅತ್ತೆ ತಟ್ಟೆಯಿಂದ ತಲೆಯೆತ್ತದೆ, "ಸಾರಿಗೆ ಉಪ್ಪು ಕಡಿಮೆ" ಎಂದರು.

ಅವತ್ತಿನಿಂದ ಬನ್ನಕ್ಕನ ಕಣ್ಣಿಗೆ ನಿದ್ದೆ ಬಂದರೂ ಕಿವಿಗೆ ಬರಲಿಲ್ಲ. ಹಿಟ್ಟು ನಾದುವಾಗಲೂ ಯಾರು ಬಂದರು, ಯಾರು ಹೋದರು ಎಂದು ಆಲಿಸುವಳು. ಮೊದಲು ಕಣ್ಣಿಗೆ ಬಿದ್ದವನು ಗಂಡನೇ. ಮಧ್ಯಾಹ್ನ ಮೂರಾಯಿತೆಂದರೆ ಸಾಕು, ಅಂಗಿ ಬದಲಾಯಿಸಿ "ಸಮಿತಿ" ಎನ್ನುತ್ತ ಹೊರಡುವನು. ಸಮಿತಿ ಸೇರುವುದು ಮಂಗಳವಾರ ಮಾತ್ರ. ಗುರುವಾರ ಎಂಥ ಸಮಿತಿ? ಶನಿವಾರ ಎಂಥ ಸಮಿತಿ?

ಮುಂದಿನ ಗುರುವಾರ ಭಟ್ಟಿಯನ್ನು ಅತ್ತೆಗೆ ಒಪ್ಪಿಸೋಣವೆಂದರೆ ಅವರೂ ಮನೆಯಲ್ಲಿರಲಿಲ್ಲ. ಪಿಂಚಣಿಯದೇನೋ ತಕರಾರೆಂದು ಮೊಮ್ಮಗಳ ಜೊತೆ ಮತ್ತೆ ಕಚೇರಿಗೆ ಹೋಗಿದ್ದರು. ಬನ್ನಕ್ಕ ಅಂಗಡಿಗೆ ಬೀಗ ಹಾಕಿಯೇ ಗಂಡನ ಹಿಂದೆ ಹೊರಟಳು. ಅವನು ಹೊಳೆ ದಂಡೆ ಹಿಡಿದು ನಡೆದ. ಎರಡು ಮೈಲಿ, ಒಮ್ಮೆಯೂ ಹಿಂತಿರುಗಿ ನೋಡದೆ. ಹೊಸ ರಸ್ತೆಯ ಕೆಂಪು ಮಣ್ಣಿನ ದಿಬ್ಬ ಕಂಡೊಡನೆ ಅವಳು ಹೆಜ್ಜೆ ಬಿರುಸು ಮಾಡಿದಳು. ಸೀದಾ ಮಳಿಗೆಯ ಹತ್ತಿರಕ್ಕೇ ಬಂದನಲ್ಲ ಮಹರಾಯ ಎಂದುಕೊಂಡಳು.

ಅವನು ಮಳಿಗೆಯ ಕಡೆ ಹೋಗಲಿಲ್ಲ. ದಿಬ್ಬ ಹತ್ತಿ, ಅಲ್ಲಿ ಸಾಲಾಗಿ ಕೂತಿದ್ದ ಏಳೆಂಟು ಗಂಡಸರ ಪಕ್ಕ ತಾನೂ ಕೂತ. ಅಲ್ಲಿ ಟೈಲರ್ ಇದ್ದ. ಔಷಧಿ ಅಂಗಡಿಯವರಿದ್ದರು. ಗಡಿಯಾರ ರಿಪೇರಿಯವರು ಸಣ್ಣದೊಂದು ದುರ್ಬೀನು ಹಿಡಿದು ಕೂತಿದ್ದರು. ಎದುರಿಗೆ ನದಿಯ ಮಧ್ಯೆ ಎರಡು ಕಂಬಗಳ ನಡುವೆ ಕ್ರೇನು ಮನೆಯಷ್ಟು ಉದ್ದದ ಕೊನೆಯ ತೊಲೆಯನ್ನು ಇಂಚಿಂಚಾಗಿ ಇಳಿಸುತ್ತಿತ್ತು.

"ಈಗ ನೋಡಿ, ಈ ಕಡೆ ಒಂದು ಕೂದಲೆಳೆ ಹೆಚ್ಚು ಇಳಿದ್ರೂ ಕೂರಲ್ಲ. ನಿನ್ನೆ ಹಾಗೇ ಆಯ್ತು. ಎತ್ತಿ ಮತ್ತೆ ಇಳಿಸಿದ್ರು" ಎಂದು ಅವಳ ಗಂಡ ವಿವರಿಸುತ್ತಿದ್ದ.

ತೊಲೆ ಕೂತಿತು. ಸಮಿತಿಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಟೈಲರ್ ಚಪ್ಪಾಳೆಯನ್ನೇ ತಟ್ಟಿದ.

ಬನ್ನಕ್ಕನಿಗೆ ನಗು ತಡೆಯಲಾಗಲಿಲ್ಲ. ಗಂಡ ತಿರುಗಿ ನೋಡಿ ಎದ್ದು ನಿಂತ. ಕದ್ದು ಸಿಕ್ಕಿಬಿದ್ದವನ ಹಾಗೆ ಅಂಗಿಯ ಮಣ್ಣು ಕೊಡವಿಕೊಂಡ. ಬರುವಾಗ ದಾರಿಯಲ್ಲಿ, "ಬೈಯೋಕಾದ್ರೂ ಎದುರಾಳಿ ಏನು ಮಾಡ್ತಿದಾನೆ ಅಂತ ಗೊತ್ತಿರಬೇಕಲ್ಲ" ಎಂದ.

"ಚಪ್ಪಾಳೆ ತಟ್ಟಿ ಬೈಯೋದು ಇವತ್ತೇ ನೋಡಿದ್ದು."

"ಯಾರಿಗೂ ಹೇಳ್ಬೇಡ ಕಣೇ."

ಅಲ್ಲಿಗೆ ಗಂಡನ ಮೇಲಿನ ಅನುಮಾನ ಹೋಯಿತು. ಆದರೆ ಅನುಮಾನ ಬಾಡಿಗೆದಾರನ ಹಾಗೆ. ಒಂದು ಕೋಣೆ ಖಾಲಿ ಮಾಡಿದರೆ ಇನ್ನೊಂದನ್ನು ಹಿಡಿಯುತ್ತದೆ. ಮೈದುನನ ಪ್ಯಾಂಟಿನ ತುದಿಗೆ ದಿನಾ ಕೆಂಪು ಮಣ್ಣು ಮೆತ್ತಿರುತ್ತಿತ್ತು. ಅವನ ಮಂಚದ ಕೆಳಗೆ ಗುಡಿಸುವಾಗ ಹಳದಿ ಹೆಲ್ಮೆಟ್ಟೊಂದು ಸಿಕ್ಕಿತು. ಕೇಳಿದರೆ, "ಎಂಜಿನಿಯರ್ ಕೊಟ್ರು. ಒಳಗೆ ಬಸ್ ತರೋವಾಗ ಹಾಕ್ಕೋಬೇಕಂತೆ" ಎಂದ. ಎಂಜಿನಿಯರನಿಗೂ ಬಸ್ಸಿನ ಡ್ರೈವರಿಗೂ ಎತ್ತಣ ಗೆಳೆತನ? ನಲವತ್ತಾದರೂ ಮದುವೆಯಾಗದವನು. ತನ್ನದೊಂದು ಬದುಕು ಬೇರೆ ಕಟ್ಟಿಕೊಳ್ಳೋಣ ಅನ್ನಿಸಿದರೆ ತಪ್ಪೂ ಅಲ್ಲ. ಹೇಳಿ ಮಾಡಬಹುದಿತ್ತಲ್ಲ ಎಂದು ಅವಳ ಮನಸ್ಸು ಲೆಕ್ಕ ಹಾಕಿಕೊಂಡೇ ಹೋಯಿತು.

ಇತ್ತ ಬೀದಿಯೂ ಬೇಕರಿಯಿಂದ ಮುಖ ತಿರುಗಿಸತೊಡಗಿತು. ಔಷಧಿ ಅಂಗಡಿಯವರು ಬ್ರೆಡ್ಡನ್ನು ಊರಾಚೆಯಿಂದ ತರಿಸಿಕೊಂಡರು. ಟೈಲರನ ಹೆಂಡತಿ ಬೀದಿಯಲ್ಲಿ ಎದುರಾದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗುತ್ತಿದ್ದಳು. ಮಂಗಳವಾರದ ಸಭೆಯಿಂದ ಗಂಡ ಕೆಂಪಗಾಗಿ ಬಂದ. ಕಾರ್ಯದರ್ಶಿ ಬದಲಾಗಲಿ ಎಂದು ಯಾರೋ ಚೀಟಿ ಬರೆದು ಕಳಿಸಿದ್ದರಂತೆ, ಹೆಸರು ಹಾಕದೆ.

ಅವತ್ತು ಸಂಜೆ ಊಟಕ್ಕೆ ಆಲೂಗಡ್ಡೆ ಪಲ್ಯ, ಮಧ್ಯಾಹ್ನದ ಸಾರು ಮತ್ತು ಬೆಳಿಗ್ಗೆ ಮಾರಾಟವಾಗದೆ ಉಳಿದ ಬ್ರೆಡ್ಡು. ಮೈದುನ ಬ್ರೆಡ್ಡು ಮುರಿದು, "ಗಟ್ಟಿಯಾಗಿದೆ" ಎಂದ. ಅಷ್ಟೇ ಸಾಕಾಯಿತು.

"ಗಟ್ಟಿಯಾಗದೆ ಏನು? ಕೊಳ್ಳೋರು ಬಂದ್ರೆ ತಾನೆ? ಯಾರೋ ಹೊಟ್ಟೆಯೊಳಗೆ ಇಟ್ಟುಕೊಂಡಿರೋ ಗುಟ್ಟಿಗೆ ನಾವೆಲ್ಲ ಗಟ್ಟಿ ಬ್ರೆಡ್ಡು ತಿನ್ನಬೇಕು."

"ಯಾರೋ ಅಂದ್ರೆ ಯಾರು ಅತ್ತಿಗೆ? ನನ್ನ ನೋಡ್ಕೊಂಡು ಹೇಳ್ತಿದೀರಿ."

"ನೋಡಿದವರನ್ನೇ ಹೇಳಿದ್ದು. ಕೆಂಪು ಮಣ್ಣು, ಹಳದಿ ಟೋಪಿ. ಎಲ್ಲ ನಾನೇ ತೊಳೆದು ಗುಡಿಸೋದಲ್ವಾ."

"ನಾನು ಯಾವ ಮಳಿಗೆಗೂ ಅರ್ಜಿ ಹಾಕಿಲ್ಲ."

"ಉಂಡ ಮನೆಯ ಜಂತೆ ಎಣಿಸೋರು ಯಾರೂ ಎಣಿಸ್ತೀನಿ ಅಂತ ಹೇಳಿ ಎಣಿಸಲ್ಲ."

ಗಂಡ "ಬಿಡೇ" ಎಂದ. ಅವನ ದನಿಯಲ್ಲೂ ಬಿಡು ಎನ್ನುವ ಬಲವಿರಲಿಲ್ಲ. ತಮ್ಮನ ಕಡೆ ತಿರುಗಿ, "ಹಾಕಿದ್ರೆ ಹೇಳಿಬಿಡೋ. ಮರ್ಯಾದೆ ಉಳೀತದೆ" ಎಂದ.

ಮೈದುನ ಅಣ್ಣನನ್ನು ನೋಡಿದ. ಆಮೇಲೆ ಅಮ್ಮನನ್ನು ನೋಡಿದ. ಅತ್ತೆ ಬ್ರೆಡ್ಡಿನ ಚೂರನ್ನು ಸಾರಿನಲ್ಲಿ ಅದ್ದಿ ಮೆತ್ತಗಾಗಲೆಂದು ಕಾಯುತ್ತಿದ್ದರು. ಅವನು ತಟ್ಟೆ ಸರಿಸಿ ಎದ್ದ. ಹತ್ತು ನಿಮಿಷದಲ್ಲಿ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದ. ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಆಮೇಲೆ ಡಿಪೋದಲ್ಲಿ ಡ್ರೈವರುಗಳಿಗಿರುವ ಕೋಣೆಗೆ ಹೋದ. ಮಗಳು ಅಳುತ್ತ ಒಳಗೆ ಓಡಿದಳು. ಚಿಕ್ಕಪ್ಪನೆಂದರೆ ಅವಳಿಗೆ ಜೀವ, ಅದಕ್ಕೇ ಅಳುತ್ತಾಳೆ ಎಂದುಕೊಂಡಳು ಬನ್ನಕ್ಕ.

ಅವನು ಹೋದ ಮೇಲೆ ಮನೆ ಹಗುರಾಗಬೇಕಿತ್ತು, ಆಗಲಿಲ್ಲ. ಹಿಟ್ಟಿನ ಮೂಟೆ ಇಳಿಸುವವರಿಲ್ಲದೆ ಗಂಡ ಬೆನ್ನು ಹಿಡಿದುಕೊಂಡ. ಊಟಕ್ಕೆ ಕೂತಾಗ ಬನ್ನಕ್ಕ ಎರಡು ಸಲ ಮರೆತು ಐದನೇ ತಟ್ಟೆ ಇಟ್ಟಳು. ಆಮೇಲೆ ಅವಳೇ ಎತ್ತಿಟ್ಟಳು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಚೆಯವನು ಬಂದ. "ರಿಜಿಸ್ಟರ್ ಇದೆ. ಅಜ್ಜಿನೇ ಸಹಿ ಹಾಕಬೇಕು."

"ಪಿಂಚಣಿದಾ? ಕೊಡು, ನಾನು ಹಾಕ್ತೀನಿ."

"ರಸ್ತೆ ಕಚೇರಿದು. ಅವರೇ ಆಗಬೇಕು."

ಒಳಗಿನಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಕರೆಯದೆಯೇ ಬಂದರು, ಕಾಯುತ್ತಿದ್ದವರಂತೆ. ನಿಧಾನವಾಗಿ ಸಹಿ ಹಾಕಿ, ಲಕೋಟೆಯನ್ನು ತೆರೆಯದೆ ಸೊಸೆಗೇ ಕೊಟ್ಟರು. "ಓದು. ನನ್ನ ಕನ್ನಡಕ ಒಳಗಿದೆ."

ಬನ್ನಕ್ಕ ಓದಿದಳು. ಗಂಡ ತೀರಿಕೊಂಡ ಹೆಂಗಸರಿಗೆಂದು ಮೀಸಲಿಟ್ಟ ಮಳಿಗೆಗಳ ಪೈಕಿ ಏಳನೇ ನಂಬರನ್ನು ಅರ್ಜಿದಾರರಿಗೆ ಕೊಡಲಾಗಿದೆ ಎಂದಿತ್ತು. ಕೆಳಗೆ ಅತ್ತೆಯ ಹೆಸರು. ಅವಳು ಎರಡನೇ ಸಲ ಓದಿದಳು. ಆಮೇಲೆ ಕಾಗದವನ್ನು ಹಿಟ್ಟಿನ ಮೇಜಿನ ಮೇಲೆ ಬಿಸಾಡಿದಳು.

"ನೀವಾ?"

"ನಾನೇ."

"ನಾನು ಅವರ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡುವಾಗ ನೀವು ಬ್ರೆಡ್ಡು ಅದ್ದಿಕೊಂಡು ಕೂತಿದ್ರಿ."

"ಹೌದು, ಕೂತಿದ್ದೆ."

"ಯಾವ ಹೊಟ್ಟೆ ಅತ್ತೆ ನಿಮ್ಮದು? ಅವರನ್ನೂ ಅದೇ ಹೊಟ್ಟೆಯಲ್ಲಲ್ವಾ ಹೆತ್ತಿದ್ದು?"

ಮುದುಕಿ ಮುಖ ತಿರುಗಿಸಲಿಲ್ಲ. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು, "ಬಾ, ಒಂದು ಜಾಗ ತೋರಿಸ್ತೀನಿ. ಆಮೇಲೆ ಬೈಯುವಿಯಂತೆ" ಎಂದರು.

ಇಬ್ಬರೂ ಹಳೇ ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಇಳಿದರು. ಕೆಳಗೆ ನದಿಗಿಳಿಯುವ ಅಗಲವಾದ ಕಲ್ಲಿನ ಮೆಟ್ಟಿಲುಗಳಿದ್ದವು. ಎರಡೂ ಪಕ್ಕ ಕಮಾನಿನ ಬಾಗಿಲಿನ ಸಣ್ಣ ಸಣ್ಣ ಕೋಣೆಗಳು, ಒಳಗೆ ಗಿಡ ಬೆಳೆದು ಬಾವಲಿ ತುಂಬಿದವು. ಇಪ್ಪತ್ತೆರಡು ವರ್ಷದಲ್ಲಿ ಬನ್ನಕ್ಕ ಅವನ್ನು ಸಾವಿರ ಸಲ ನೋಡಿದ್ದಳು, ಏನೆಂದು ಕೇಳಿರಲಿಲ್ಲ. ಹಳೇ ಊರಲ್ಲಿ ಹಾಳು ಬಿದ್ದದ್ದಕ್ಕೆ ಬರವೇ?

"ಇಲ್ಲಿ ಹನ್ನೆರಡು ಅಂಗಡಿ ಇತ್ತು. ದೋಣಿಗೆ ಕಾಯೋ ಜನ ಈ ಮೆಟ್ಟಿಲ ತುಂಬ" ಎಂದು ಅತ್ತೆ ಕೋಲಿನಿಂದ ತೋರಿಸಿದರು. "ನಮ್ಮಪ್ಪನಿಗೆ ಎರಡು ದೋಣಿ. ನನಗೆ ಎಂಟು ವರ್ಷ ಆದಾಗ ಮೇಲೆ ಆ ಸೇತುವೆ ಬಂತು. ನೀವೆಲ್ಲ ಸೃಷ್ಟಿ ಆದಾಗಿಂದ ಇದೆ ಅನ್ನೋ ಹಾಗೆ ಮಾತಾಡ್ತೀರಲ್ಲ, ಅದೇ ಸೇತುವೆ."

ಬನ್ನಕ್ಕ ತಲೆಯೆತ್ತಿ ಸೇತುವೆಯನ್ನು ನೋಡಿದಳು.

"ಇಲ್ಲಿಯವರೂ ಸಮಿತಿ ಮಾಡಿದ್ರು. ಯಾರೂ ಮೇಲೆ ಹೋಗಿ ಅಂಗಡಿ ಹಾಕೋದು ಬೇಡ, ಒಗ್ಗಟ್ಟಾಗಿರೋಣ, ಜನ ತಾವಾಗೇ ಇಳಿದು ಬರ್ತಾರೆ ಅಂತ. ಅಪ್ಪ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ದೋಣಿಯ ನೀರು ಚೆಲ್ಲಿ, ಒರೆಸಿ, ಕೂತ. ಜನ ಬರಲಿಲ್ಲ. ಒಬ್ಬ ಮಾತ್ರ ಮಾತು ಮುರಿದು ಮೇಲೆ ಹೋಗಿ ಭಟ್ಟಿ ಕಟ್ಟಿದ. ಬೀದಿಯವರೆಲ್ಲ ಅವನ ಬಾಗಿಲಿಗೆ ಉಗಿದ್ರು."

"ಯಾರು?"

"ನನ್ನ ಮಾವ. ಅವರ ಮಗನಿಗೆ ನನ್ನ ಕೊಟ್ಟಾಗ ಅಪ್ಪ ಏನೂ ಹೇಳಲಿಲ್ಲ, ಮನೆಯಲ್ಲಿ ಅನ್ನಕ್ಕೆ ಗತಿ ಇರಲಿಲ್ಲ. ಆದರೆ ಸಾಯೋವರೆಗೂ ನಮ್ಮ ಬೇಕರಿ ಬ್ರೆಡ್ಡು ಬಾಯಿಗಿಡಲಿಲ್ಲ. ನಾನು ತಂದಿಟ್ಟದ್ದನ್ನ ಮೀನಿಗೆ ಹಾಕ್ತಿದ್ದ."

ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ಮೇಲೆ ಸೇತುವೆಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಕಾಯುತ್ತಿತ್ತು.

"ನಿನ್ನ ಗಂಡನಿಗೆ ಮೊದಲೇ ಹೇಳಿದ್ರೆ ಅರ್ಜಿ ವಾಪಸ್ ತೆಗೆಸ್ತಿದ್ದ. ಅವನೂ ನಮ್ಮಪ್ಪನ ಹಾಗೇ, ಕೊಟ್ಟ ಮಾತಿನ ಮೇಲೆ ಕೂತು ಒಣಗೋ ಜಾತಿ. ಚಿಕ್ಕವನು ನಾಲ್ಕು ದಿನ ಮುನಿಸಿಕೊಂಡರೂ ತಡ್ಕೋತಾನೆ ಅಂದ್ಕೊಂಡೆ."

"ಅಂದ್ರೆ ನನ್ನ ನಾಲಿಗೆಯನ್ನ ನಿಮ್ಮ ಗುಟ್ಟಿನ ಬಾಗಿಲಿಗೆ ಅಗಳಿ ಹಾಕಿದ ಹಾಗೆ ಬಳಸಿಕೊಂಡ್ರಿ."

"ಬಳಸಿಕೊಂಡೆ" ಎಂದರು ಅತ್ತೆ. ಆಮೇಲೆ ಮೊದಲ ಬಾರಿಗೆ ತಲೆ ತಗ್ಗಿಸಿದರು. "ಅವನ ಹತ್ರ ಹೋದ್ರೆ, ಅರ್ಜಿ ಹಾಕಿದ್ದು ಆ ಜಗಳ ಆದ ಮೇಲೆ ಅಂತ ಹೇಳು. ಅಷ್ಟು ಮಾಡು."

ಬನ್ನಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಮುದುಕಿಯ ತೋಳು ಹಿಡಿದಳು. ಕೋಪವಿದ್ದರೂ ಮೆಟ್ಟಿಲು ಕಡಿದಾಗಿತ್ತು.

ಮಧ್ಯಾಹ್ನ ಕಾಗದವನ್ನು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು. ಅವನು ಓದಿ, ಅಮ್ಮನನ್ನು ನೋಡಿ, ಮತ್ತೆ ಓದಿದ. "ಇದನ್ನ ವಾಪಸ್ ಕೊಡ್ತೀವಿ. ಇವತ್ತೇ."

"ಕೊಡು. ಎಂಟನೇ ನಂಬರಿನವರು ಎರಡು ಮಳಿಗೆ ಸೇರಿಸಿ ದೊಡ್ಡದು ಮಾಡ್ಕೋತಾರೆ" ಎಂದರು ಅತ್ತೆ.

"ಬೀದಿಯವರ ಮುಖ ಹೇಗೆ ನೋಡ್ಲಿ ಅಮ್ಮಾ? ಯಾರೂ ಹಾಕಬಾರದು ಅಂತ ಬರೆದವನೇ ನಾನು."

ಇಷ್ಟು ಹೊತ್ತು ತಲೆ ತಗ್ಗಿಸಿದ್ದ ಮಗಳು ಬಾಯಿ ಬಿಟ್ಟಳು. "ಅಪ್ಪಾ, ಬೀದಿಯವರೆಲ್ಲ ನಮ್ಮ ಕಂಪ್ಯೂಟರ್ ಅಂಗಡಿಗೇ ಬಂದು ಅರ್ಜಿ ತುಂಬಿಸಿದ್ರು. ಹದಿನಾಲ್ಕು ಜನ. ಒಬ್ಬೊಬ್ಬರೂ ಯಾರಿಗೂ ಹೇಳ್ಬೇಡಮ್ಮ ಅಂತ ಆಣೆ ಹಾಕಿಸಿಕೊಂಡು ಹೋದ್ರು. ಅಜ್ಜಿಯದೂ ನಾನೇ ತುಂಬಿದ್ದು. ಚಿಕ್ಕಪ್ಪನದು ಒಂದು ಮಾತ್ರ ಇರಲಿಲ್ಲ."

ಬನ್ನಕ್ಕನ ಕಿವಿಗೆ ಒಂದು ಮಾತು ಸಿಕ್ಕಿಕೊಂಡಿತು. "ಚಿಕ್ಕಪ್ಪನದು ಒಂದು ಮಾತ್ರ ಅಂದ್ರೆ?" ಎಂದು ಕೇಳಿದಳು. "ಆ ಹದಿನಾಲ್ಕರಲ್ಲಿ ನಿಮ್ಮಪ್ಪಂದೂ ಇತ್ತಾ?"

ಮಗಳು ತಟ್ಟೆ ನೋಡಿದಳು.

"ಸಾರು ಹಾಕು" ಎಂದ ಗಂಡ.

ಬನ್ನಕ್ಕ ಹಾಕಲಿಲ್ಲ. ಸೌಟು ಹಿಡಿದೇ ನಿಂತಳು. "ನಂದು ತಿರಸ್ಕಾರ ಆಯ್ತು" ಎಂದ ಅವನು. ಅತ್ತೆ ತುಟಿ ಬಿಗಿಹಿಡಿದರು. ನಗುವೋ, ಬೇರೇನೋ ತಿಳಿಯಲಿಲ್ಲ. "ನಿನ್ನ ವಿಷಯದಲ್ಲಿ ನಾನೇ ತಪ್ಪು ತಿಳಿದೆ. ನೀನು ನಿಮ್ಮ ತಾತನ ಮೊಮ್ಮಗನೇ, ಬೇಕರಿ ತಾತನ" ಎಂದರು.

"ಹಾಗಾದ್ರೆ ನಿಮ್ಮ ತಮ್ಮನಿಗೆ ಮುಖಕ್ಕೆ ಹೊಡೆದ ಹಾಗೆ, ಹಾಕಿದ್ರೆ ಹೇಳಿಬಿಡು ಅಂದ್ರಲ್ಲ, ಆಗ ನಿಮ್ಮ ಅರ್ಜಿ ಎಲ್ಲಿತ್ತು?" ಎಂದು ಬನ್ನಕ್ಕ ಗಂಡನನ್ನು ಕೇಳಿದಳು. ಅವನು ಬರಿ ಅನ್ನವನ್ನೇ ಕಲಸತೊಡಗಿದ.

ಮಂಗಳವಾರ ಅವನು ಕಾಗದವನ್ನು ಸಮಿತಿಗೆ ಒಯ್ದು ತಾನೇ ಓದಿದ. ತನ್ನ ಅರ್ಜಿಯ ವಿಷಯವನ್ನೂ ಹೇಳಿದ. ಉಳಿದವರದು ಹೇಳಲಿಲ್ಲ. ಯಾರೂ ಕೂಗಾಡಲಿಲ್ಲವಂತೆ, ಪ್ರತಿಯೊಬ್ಬರೂ ಪಕ್ಕದವನ ಮುಖ ನೋಡಿ, ಇವನಿಗೆಷ್ಟು ಗೊತ್ತಿದೆಯೋ ಎಂದು ಅಳೆಯುತ್ತಿದ್ದರಂತೆ. ಕೊನೆಗೆ ಗಡಿಯಾರ ರಿಪೇರಿಯವರು ಗಂಟಲು ಸರಿಮಾಡಿಕೊಂಡು, "ಆ ಏಳನೇ ನಂಬರಿನ ಮುಂದೆ ಒಂದು ಸಣ್ಣ ಮೇಜಿಗೆ ಜಾಗ ಆಗುತ್ತಾ?" ಎಂದು ಕೇಳಿದರಂತೆ.

ಹೊಸ ಸೇತುವೆ ತೆರೆದ ದಿನ ಬೀದಿಯಲ್ಲಿ ಬೆಳಿಗ್ಗೆ ಎಂಟಾದರೂ ಹಾರನ್ ಕೇಳಲಿಲ್ಲ. ಬನ್ನಕ್ಕ ಅಭ್ಯಾಸಬಲದಿಂದ ಬುಟ್ಟಿ ತುಂಬಿ ಬಾಗಿಲಿಗೆ ಬಂದಳು. ಉದ್ದಕ್ಕೂ ಖಾಲಿ ಬೀದಿ. ಅಷ್ಟು ಅಗಲವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬುಟ್ಟಿಯನ್ನು ಮಗಳಿಗೆ ಕೊಟ್ಟು, ಹೊಳೆ ದಂಡೆ ಹಿಡಿದು ನಡೆದು, ಹೊಸ ನಿಲ್ದಾಣಕ್ಕೆ ಹೋಗಿ ನಿಂತಳು. ಮೂರನೆಯ ಬಸ್ಸು ಮೈದುನನದು.

ಅವಳು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ಅವನು ಕನ್ನಡಿಯಲ್ಲಿ ನೋಡಿದ. ಸೇತುವೆ ದಾಟಲು ಒಂದು ನಿಮಿಷವೂ ಆಗಲಿಲ್ಲ. ಅಷ್ಟರಲ್ಲೇ ಅವಳು ಎಡಕ್ಕೆ ತಿರುಗಿ ನೋಡಿದಳು. ಊರು ನದಿಯ ತಿರುವಿನಲ್ಲಿ ಸಣ್ಣಗೆ ಕಂಡು ಮರೆಯಾಯಿತು. ಯಾರಿಗೂ ಹಸಿವಾಗುವಷ್ಟು ಹೊತ್ತೇ ಆಗಲಿಲ್ಲ.

"ತಪ್ಪಾಯ್ತು" ಎಂದಳು.

"ಬಸ್ ಓಡೋವಾಗ ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಹಾಕಿದಾರೆ ಅತ್ತಿಗೆ."

ಅವಳು ಕೊನೆಯ ನಿಲ್ದಾಣದವರೆಗೆ ಬಾಯಿ ಬಿಡಲಿಲ್ಲ. ಜನ ಇಳಿದ ಮೇಲೆ ಅವನು ಎಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದೇ ಕೇಳಿದ. "ಮಳಿಗೆ ಅಮ್ಮನಿಗೆ ಬಂತಂತೆ. ಡಿಪೋದಲ್ಲಿ ಹೇಳಿದ್ರು. ಅವತ್ತು ಊಟಕ್ಕೆ ಕೂತಾಗ ಅರ್ಜಿ ಹಾಕಿ ಆಗಿತ್ತಾ?"

ಆಮೇಲೆ ಹಾಕಿದ್ದು ಎಂಬ ಮಾತು ಬನ್ನಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಮುದುಕಿ ಕೇಳಿದ್ದು ಅದೊಂದೇ. ಆದರೆ ಈ ಮನುಷ್ಯನಿಗೆ ಒಂದು ಸಲ ಸುಳ್ಳು ಹೊರಿಸಿ ಆಗಿದೆ. ಇನ್ನೊಂದನ್ನು ನುಂಗಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಆಗಿತ್ತು" ಎಂದಳು.

ಅವನು ತಲೆಯಾಡಿಸಿದ. "ಗೊತ್ತಿತ್ತು. ಅದಕ್ಕೂ ಮೂರು ವಾರ ಮುಂಚೆ ಅಮ್ಮ ರಸ್ತೆ ಕಚೇರಿ ಮುಂದೆ ಬಿಸಿಲಲ್ಲಿ ಸಾಲಲ್ಲಿ ನಿಂತಿದ್ದನ್ನ ಬಸ್ಸಿಂದಲೇ ನೋಡಿದ್ದೆ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ನಾನು ಬಾಯಿ ಮುಚ್ಚಿಕೊಂಡು ಕೂರ್ತಿದ್ದೆ."

"ನಾನು ಹೇಳೋದಲ್ಲ ಅದು. ಅಮ್ಮನೇ ಹೇಳ್ತಾಳೆ ಅಂತ ಕಾದೆ. ಹೊಸ್ತಿಲಲ್ಲಿ ಕೂತು ಬೂಟಿನ ದಾರ ಎಷ್ಟು ಸಲ ಕಟ್ಟಿದೆ ಗೊತ್ತಾ?"

ಬನ್ನಕ್ಕ ಕಣ್ಣೊರೆಸಿಕೊಂಡಳು. ಮನೆಗೆ ಬನ್ನಿ ಎಂದಳು. ಅವನು ಬರುವೆನೆನ್ನಲಿಲ್ಲ. "ನಿಮ್ಮ ಮೇಲೆ ಕೋಪ ಇಲ್ಲ ಅತ್ತಿಗೆ. ನೀವು ಅನುಮಾನ ಪಟ್ರಿ, ಬೈದ್ರಿ, ಮುಗೀತು" ಎಂದಷ್ಟೇ ಹೇಳಿ, ವಾಪಸು ಹೋಗುವ ಬೋರ್ಡು ತಿರುಗಿಸಲು ಇಳಿದ.

ಅವಳು ಮನೆಗೆ ಬಂದು ಅತ್ತೆಗೆ ಒಂದಕ್ಷರ ಬಿಡದೆ ಹೇಳಿದಳು. ನಿಜವನ್ನೇ ಹೇಳಿದೆ ಎಂದೂ ಹೇಳಿದಳು. ಅತ್ತೆ ಕೇಳಿಸಿಕೊಂಡು, ಬಿಡಿಸುತ್ತಿದ್ದ ಬಟಾಣಿಯನ್ನು ಕೊನೆಯವರೆಗೂ ಬಿಡಿಸಿ, ಸಿಪ್ಪೆ ಎಸೆದು ಬಂದು ಮಲಗಿದರು. ಅವತ್ತು ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ಏಳನೇ ನಂಬರಿನ ಬಾಗಿಲು ಮೊದಲ ಸಲ ತೆರೆಯುವುದಿತ್ತು. ಗಂಡ ಹಿಂದಿನ ದಿನವೇ ಒಲೆ, ಗಾಜಿನ ಡಬ್ಬಿಗಳನ್ನೆಲ್ಲ ತಂದು ಹಾಕಿದ್ದ. ಬನ್ನಕ್ಕ ಬೀಗ ತೆಗೆಯುವಷ್ಟರಲ್ಲಿ ಅತ್ತೆ ಕೋಲೂರಿಕೊಂಡು ನಿಲ್ದಾಣದ ಕಡೆ ನಡೆದರು. ಹೆಸರಿಗೆ ಬಂದ ಮಳಿಗೆಯ ಒಳಗೆ ಕಾಲು ಕೂಡ ಇಡಲಿಲ್ಲ.

ಮೊದಲನೇ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಬಂದು ನಿಂತಾಗ ಮುದುಕಿ ಮುಂದಿನ ಬಾಗಿಲ ಹತ್ತಿರ ಹೋಗಿ ಒಳಗೆ ನೋಡುತ್ತ ನಿಂತರು. ಮೆಟ್ಟಿಲು ಎತ್ತರವಿತ್ತು, ಕಾಲು ಎತ್ತಿದರು, ನಿಲುಕಲಿಲ್ಲ. ಬನ್ನಕ್ಕ ಓಡಿ ಹೋಗೋಣವೆಂದುಕೊಂಡವಳು ತಡೆದು ನಿಂತಳು.

ಡ್ರೈವರು ಸೀಟಿನಿಂದ ಎದ್ದು ಇಳಿದು ಬಂದ. ತಾಯಿ ಮಗ ಎದುರುಬದುರು ನಿಂತರು. ಅತ್ತೆ ಏನೋ ಹೇಳಿದರು. ಎಂಜಿನ್ನಿನ ಸದ್ದಿಗೆ ಬನ್ನಕ್ಕನಿಗೆ ಕೇಳಿಸಲಿಲ್ಲ. ಚಿಕ್ಕ ಮಾತೇ ಇರಬೇಕು, ಒಂದೇ ಉಸಿರಿಗೆ ಮುಗಿಯಿತು. ಮೈದುನ ನೆಲ ನೋಡುತ್ತ ಕೇಳಿದ. ಆಮೇಲೆ ಕೋಲನ್ನು ಇಸಕೊಂಡು ಬಸ್ಸಿನೊಳಗಿಟ್ಟು, ಅಮ್ಮನ ಎರಡೂ ಕಂಕುಳಿಗೆ ಕೈಹಾಕಿ ಮೆಟ್ಟಿಲ ಮೇಲೆ ಎತ್ತಿ ನಿಲ್ಲಿಸಿದ.

"ಎಲ್ಲಿಗೆ ಅಜ್ಜಿ?" ಎಂದು ಕಂಡಕ್ಟರ್ ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿತು.

"ಇವನು ಎಲ್ಲಿಯವರೆಗೆ ಹೋಗ್ತಾನೋ ಅಲ್ಲಿವರೆಗೆ ಕೊಡಪ್ಪ."

ಬಸ್ಸು ಹೊರಟು, ಎಲ್ಲೂ ನಿಲ್ಲದೆ ಸೇತುವೆ ಏರಿತು. ಅದು ಆ ದಡ ಮುಟ್ಟುವವರೆಗೆ ನೋಡಿ, ಬನ್ನಕ್ಕ ಒಳಗೆ ಬಂದು ಒಲೆ ಹಚ್ಚಿದಳು. ವಾಪಸು ಬರುವಾಗ ಇಬ್ಬರಿಗೂ ಹಸಿವಾಗಿರುತ್ತದೆ.